ಮೇಮೆಯ ಗೊಂಚಾ ತೊಟ್ಟ ಮರ

ಆ ಚಳಿಗಾಲದಲ್ಲಿ ನಮ್ಮ ಓಣಿಯ ಗಂಡಸರ ಪೈಕಿ ಹಣೆಯ ಮೇಲೆ ಬುಗುಟು ಇಲ್ಲದವನು ಮುಟುಪ್ ಒಬ್ಬನೇ. ಉಳಿದವರೆಲ್ಲ ಮನೆಯಿಂದ ಹೊರಗೆ ಬರುವಾಗ ಒಂದು ಸಲ, ಒಳಗೆ ಹೋಗುವಾಗ ಒಂದು ಸಲ ಹಣೆ ಚಚ್ಚಿಕೊಳ್ಳುತ್ತಿದ್ದೆವು. ಬಾಗಿಲುಗಳೇನೂ ತಾವಾಗಿ ಕುಗ್ಗಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಬಾಗಿಲ ಮೇಲ್ಭಾಗಕ್ಕೆ ಅಡ್ಡ ಹಲಗೆ ಹೊಡೆಸಿ ನಾವೇ ತಗ್ಗಿಸಿಕೊಂಡಿದ್ದೆವು. ಲೇಹ್ ಪೇಟೆಯ ಬಡಗಿಗಳು ಚಳಿಗಾಲವಿಡೀ ಬುಖಾರಿ ಒಲೆಯ ಮುಂದೆ ಕೈ ಕಾಸುತ್ತ ಕೂರುವವರು; ಆ ವರ್ಷ ಮಾತ್ರ ಅವರಿಗೆ ಚಹಾ ಕುಡಿಯಲೂ ಪುರಸೊತ್ತಿರಲಿಲ್ಲ. ಇಷ್ಟಕ್ಕೆಲ್ಲ ಕಾರಣನಾದ ಮುಟುಪ್ ತನ್ನ ಎತ್ತರದ ಬಾಗಿಲಿನಿಂದ ತಲೆಯೆತ್ತಿಕೊಂಡು ಓಡಾಡುತ್ತಿದ್ದ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮುಟುಪ್ ನನ್ನ ಪಕ್ಕದ ಮನೆಯವನು. ಯಾವುದೋ ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ. ಆದರೆ ಅವನ ಕೈಗೆ ಒಂದು ಕೆಲಸ ಕೊಟ್ಟರೆ ಅದು ಬೇರೆಯೇ ಕೆಲಸವಾಗಿ ಹೊರಗೆ ಬರುತ್ತದೆ. ಒಮ್ಮೆ ಮದುವೆಮನೆಗೆ ಹೊರಟವನು ದಾರಿ ತಪ್ಪಿ ಸಾವಿನ ಮನೆಗೆ ಹೋಗಿ, ಹೆಣದ ಮುಂದೆ ಕೂತವರಿಗೆಲ್ಲ ಶುಭ ಕೋರಿ, ಊಟ ಚೆನ್ನಾಗಿತ್ತು ಎಂದು ಹೇಳಿ ಬಂದಿದ್ದ. ಅವನೂ ನಾನೂ ಒಂದೇ ಫಸ್ಪುನ್. ಒಂದೇ ಕುಲದೇವರನ್ನು ನಂಬಿಕೊಂಡ ಏಳೆಂಟು ಮನೆ ಸೇರಿದರೆ ಒಂದು ಫಸ್ಪುನ್. ಮಗು ಹುಟ್ಟಿದಾಗ ಮೊದಲು ಬರುವವರೂ ಅವರೇ, ಸತ್ತಾಗ ಹೊರುವವರೂ ಅವರೇ. ಫಸ್ಪುನ್ ಕೈಬಿಟ್ಟ ಮನುಷ್ಯ ನಮ್ಮಲ್ಲಿ ನೆಮ್ಮದಿಯಾಗಿ ಸಾಯುವ ಹಾಗೂ ಇಲ್ಲ.

ಮುಟುಪ್‌ನ ಅಂಗಳದಲ್ಲಿ ಒಂದು ಮುದಿ ವಿಲೋ ಮರ ಇತ್ತು. ಅವನ ತಂದೆ ಗಲ್ದನ್ ಅವರನ್ನು ಇಡೀ ಓಣಿ ಮೇಮೆ, ಅಂದರೆ ಅಜ್ಜ, ಎಂದೇ ಕರೆಯುತ್ತಿತ್ತು; ಮುಟುಪ್‌ಗೆ ಮಾತ್ರ ಅವರು ಆಬಾ, ಅಂದರೆ ಅಪ್ಪ. ಅವರ ತಂದೆ ನೆಟ್ಟ ಮರವಂತೆ ಅದು. ಬುಡವೆಲ್ಲ ಟೊಳ್ಳು, ಮೈಯೆಲ್ಲ ಗಂಟು, ಎಡಕ್ಕೆ ಒಂದಿಷ್ಟು ವಾಲಿಕೊಂಡು ನಿಂತಿತ್ತು. ಎದೆಯೆತ್ತರದಲ್ಲಿ ಆಚೆಗೊಂದು ಈಚೆಗೊಂದು ಮೊಂಡು ಕೊಂಬೆ. ಇನ್ನೂ ಮೇಲೆ, ತಲೆಯಿದ್ದ ಕಡೆ, ಸಣ್ಣ ಕೊಂಬೆಗಳು ಕೆದರಿಕೊಂಡು ನಿಂತಿದ್ದವು. ಕೆಲವು ವರ್ಷಕ್ಕೊಮ್ಮೆ ಆ ಕೊಂಬೆಗಳನ್ನು ಕಡಿದು ಫಸ್ಪುನ್‌ನ ಒಂದು ಮನೆಗೆ ಕೊಡುವುದು ವಾಡಿಕೆ. ಮಾಳಿಗೆಯ ತೊಲೆಗಳ ಮೇಲೆ ಹಾಸಲು ವಿಲೋ ಕೊಂಬೆಯಂಥದ್ದು ಬೇರೆ ಇಲ್ಲ. ಆ ವರ್ಷದ ಸರದಿ ನನ್ನದು. ನಾನು ಹೊಸ ಕೋಣೆಗೆ ಗೋಡೆ ಎಬ್ಬಿಸಿ, ಸೂರು ಹಾಕಲಾಗದೆ, ಆ ಮರವನ್ನೇ ನೋಡುತ್ತ ಕೂತಿದ್ದೆ.

ಎಲೆ ಉದುರುವ ಕಾಲಕ್ಕೆ ಹೋಟೆಲೊಂದರಲ್ಲಿ ಉಪನ್ಯಾಸ ಆಯಿತು. ಒಣ ಚಳಿಯ ಊರುಗಳಲ್ಲಿ ಮನೆಯಂಗಳದ ಹಳೆಯ ಮರಗಳನ್ನು ನೋಡಿಕೊಳ್ಳುವುದು ಹೇಗೆ ಎಂಬ ವಿಷಯ. ಊಟ ಇದೆ ಎಂದು ಮುಟುಪ್ ಹೋದ. ಬರುವಾಗ ಮರದ ಡಾಕ್ಟರನಾಗಿ ಬಂದ. ಮರುದಿನದಿಂದ ಅವನು ಯಾರ ಮನೆಗೆ ಬಂದರೂ ಮನೆಯವರನ್ನು ವಿಚಾರಿಸದೆ ಮೊದಲು ಮರವನ್ನು ತಟ್ಟಿ ನೋಡುತ್ತಿದ್ದ. ನನ್ನ ಏಪ್ರಿಕಾಟ್ ಗಿಡದ ತೊಗಟೆಗೆ ಕಿವಿಯಿಟ್ಟು, ಇದರ ಮನಸ್ಸಿಗೆ ನೆಮ್ಮದಿಯಿಲ್ಲ ಎಂದ. ಕೊಂಬೆಯ ವಿಚಾರ ಎತ್ತಿದರೆ ಮುದಿ ಮರದ ತಲೆ ಕಡಿಯುವುದು ಮಹಾಪಾಪ ಎಂದುಬಿಟ್ಟ. ನಮ್ಮ ಮರಗಳನ್ನು ಕೊಲ್ಲುವುದು ಚಳಿಯಲ್ಲವಂತೆ, ಬಾಯಾರಿಕೆಯಂತೆ. ಚಳಿಗಾಲದ ಬಿಸಿಲು ಮಧ್ಯಾಹ್ನ ತೊಗಟೆಯನ್ನು ಕಾಯಿಸುತ್ತದೆ, ಸಂಜೆಯ ಚಳಿ ಅದನ್ನು ಸೀಳುತ್ತದೆ. ಅದಕ್ಕೆ ಮೈಗೆ ದಪ್ಪಗೆ ಏನಾದರೂ ಸುತ್ತಬೇಕು, ಬುಡಕ್ಕೆ ಎಲೆ ಗೊಬ್ಬರ ಹೊದಿಸಬೇಕು, ಬಿಸಿಲಿರುವ ಮಧ್ಯಾಹ್ನ ಸ್ವಲ್ಪ ಸ್ವಲ್ಪವಾಗಿ ನೀರುಣಿಸಬೇಕು. ನಲ್ಲಿಗಳೆಲ್ಲ ಹೆಪ್ಪುಗಟ್ಟಿ, ಟ್ಯಾಂಕರ್ ಬಂದಾಗ ಡಬ್ಬ ಹಿಡಿದು ಜಗಳಾಡುವ ನಮ್ಮೂರಿನಲ್ಲಿ ಮರಕ್ಕೆ ನೀರು ಅಂತೆ. ಅವನ ಹೆಂಡತಿ ಕುನ್‌ಜ಼ೆಸ್ ಓಣಿಯೆಲ್ಲ ಕೇಳುವ ಹಾಗೆ ಹೇಳಿದಳು, ಈ ಮನುಷ್ಯ ತನ್ನ ಮುಖ ತೊಳೆದು ವಾರವಾಯಿತು, ಮರಕ್ಕೆ ಮಾತ್ರ ಉಗುರು ಬೆಚ್ಚಗಿನ ನೀರು ಎಂದು.

ಗೋಣಿಚೀಲ ಸಾಲಲಿಲ್ಲ. ಹಳೇ ಬಟ್ಟೆ ಸುತ್ತಿ ಎಂದಳು ಕುನ್‌ಜ಼ೆಸ್. ನಾವೆಲ್ಲ ಸಸಿ ನೆಟ್ಟಾಗ ಕತ್ತೆ ತಿನ್ನದಿರಲಿ ಎಂದು ಹರಕು ಪ್ಯಾಂಟು, ಡಬ್ಬದ ತಗಡು ಸುತ್ತುವುದಿಲ್ಲವೇ, ಹಾಗೆ. ಅವಳು ಹೇಳಿದ್ದು ಮೆಟ್ಟಿಲ ಕೆಳಗಿನ ಪೆಟ್ಟಿಗೆ; ಅವನು ತೆರೆದದ್ದು ಉಗ್ರಾಣದ ಪೆಟ್ಟಿಗೆ. ಅಲ್ಲಿ ದಪ್ಪ ಉಣ್ಣೆಯ ಕಂದುಗೆಂಪು ಗೊಂಚಾ ಸಿಕ್ಕಿತು. ಗಂಡಸರು ಚಳಿಗೆ ತೊಡುವ ಕಾಲಿನವರೆಗಿನ ನಿಲುವಂಗಿ ಅದು. ಸುತ್ತಿದರೆ ಜಾರುತ್ತಿತ್ತು. ಮುಟುಪ್ ಯೋಚಿಸಿ, ಎರಡು ಮೊಂಡು ಕೊಂಬೆಗಳಿಗೆ ಎರಡು ತೋಳು ಏರಿಸಿ, ಎದೆ ಮುಚ್ಚಿ, ನಡುವಿಗೆ ಪಟ್ಟಿ ಬಿಗಿದು, ನೆರಿಗೆ ಸರಿಮಾಡಿದ. ಅವನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ, ತಪ್ಪು ಕೆಲಸವನ್ನಂತೂ ಬಿಡುವುದೇ ಇಲ್ಲ.

ನೀರು ಹೊತ್ತು ಬಂದ ಕುನ್‌ಜ಼ೆಸ್ ಗೇಟಿನಲ್ಲೇ ಡಬ್ಬ ಕೆಡವಿದಳು. ಮೊಣಕೈಗೆ ತಾನೇ ಹಾಕಿದ ತೇಪೆ ಅವಳಿಗೆ ಗುರುತು ಸಿಕ್ಕಿತು.

"ಇದು ಮಾವನವರದ್ದು," ಎಂದಳು.

"ಇರಲಾರದು. ಅವರ ಗೊಂಚಾನ ನಾನೇ ಗೊಂಪಾಕ್ಕೆ ಕೊಟ್ಟು ಬಂದಿದೀನಲ್ಲ."

ಸತ್ತವರ ಬಟ್ಟೆಯನ್ನು ಏಳು ವಾರದೊಳಗೆ ಗೊಂಪಾಕ್ಕೆ, ಅಂದರೆ ಲಾಮಾಗಳ ಮಠಕ್ಕೆ, ಕೊಡಬೇಕು. ಇಲ್ಲದಿದ್ದರೆ ಅವರು ಅಲ್ಲಿ ತೊಡಲು ಬಟ್ಟೆಯಿಲ್ಲದೆ ಕೇಳಿಕೊಂಡು ಬರುತ್ತಾರೆ ಎಂದು ನಂಬಿಕೆ. ಹೋದ ಚಳಿಗಾಲ ಮೇಮೆ ತೀರಿಕೊಂಡಾಗ ಮುಟುಪ್ ಗಂಟು ಹೊತ್ತು ಹೋದದ್ದನ್ನು ನಾವೆಲ್ಲ ನೋಡಿದ್ದೆವು. ಗಂಟಿನೊಳಗಿದ್ದದ್ದು ಕುನ್‌ಜ಼ೆಸ್ ಹೊಲಿಸಿಟ್ಟಿದ್ದ ಹೂವಿನ ಪರದೆಗಳು. ಗೊಂಪಾದ ಅಡುಗೆಮನೆಯ ಕಿಟಕಿಗೆ ಅವನ್ನು ಇಳಿಬಿಟ್ಟಿದ್ದರು. ನಾವೂ ನೋಡಿ, ಲಾಮಾಗಳ ಅಭಿರುಚಿ ಸುಧಾರಿಸಿದೆ ಎಂದುಕೊಂಡಿದ್ದೆವು. ಈಗಲಾದರೂ ಬಿಚ್ಚಿ ಕೊಟ್ಟು ಬನ್ನಿ ಎಂದಳು ಕುನ್‌ಜ಼ೆಸ್. ಚಳಿ ಶುರುವಾಗಿದೆ, ಈಗ ಬಿಚ್ಚಿದರೆ ಒಂದೇ ಸಂಜೆಗೆ ತೊಗಟೆ ಸೀಳುತ್ತದೆ, ವಸಂತಕ್ಕೆ ಕೊಡೋಣ ಎಂದ ಮುಟುಪ್.

ಮೊದಲು ನೋಡಿದವರು ಅಬಿ ಪಲ್ಮೊ. ಅಬಿ ಅಂದರೆ ಅಜ್ಜಿ; ಕರೆಯುವಾಗ ಗೌರವಕ್ಕೆ ಲೇ ಸೇರಿಸುತ್ತೇವೆ. ದಿನವೂ ಬಿಸಿಲಿಳಿಯುವ ಹೊತ್ತಿಗೆ ಪ್ರಾರ್ಥನೆಯ ಮಣಿಚಕ್ರ ತಿರುಗಿಸಿಕೊಂಡು ಆ ದಾರಿಯಲ್ಲಿ ಬರುತ್ತಿದ್ದರು. ಒಂದು ಸಂಜೆ ನೇರ ನಮ್ಮ ಮನೆಗೆ ಬಂದು ಕೂತರು.

"ಗಲ್ದನ್‌ಗೆ ಈಗ ಭಾರೀ ದೊಡ್ಡಸ್ತಿಕೆ. ಜುಲೇ ಅಂತ ನಮಸ್ಕಾರ ಮಾಡಿದ್ರೆ ಕೈ ಆಡಿಸ್ತಾನೆ, ಬಾಯಿ ಬಿಡಲ್ಲ. ಒಂದು ದಿನ ಒಳಗೆ ಬಾ, ಚಹಾ ಕುಡಿ ಅನ್ನಲಿಲ್ಲ."

"ಅಬಿ-ಲೇ, ಮೇಮೆ ತೀರಿಕೊಂಡು ವರ್ಷ ಆಗ್ತಾ ಬಂತು. ನೀವೇ ದೀಪ ಹಚ್ಚಿದ್ರಿ."

"ಹಚ್ಚಿದೆ. ಅದಕ್ಕೇ ಕೇಳ್ತಿರೋದು. ಸತ್ತವನು ಮನೆ ಮುಂದೆ ಯಾಕೆ ನಿಂತಿದಾನೆ?"

ನಾನು ಉಪನ್ಯಾಸ, ತೊಗಟೆ, ಗೊಂಚಾ ಎಲ್ಲ ವಿವರಿಸಿದೆ. ಅದು ಮರ ಎಂದೆ. ಅಬಿ ಅಯ್ಯೋ ಪಾಪ ಎನ್ನುವ ಹಾಗೆ ನನ್ನನ್ನು ನೋಡಿದರು.

"ಮರ ನನಗೆ ಗೊತ್ತಿಲ್ವಾ ಲುಂಡುಪ್? ಮರ ಎಲ್ಲಿ ನಿಂತಿದೆ, ಗಲ್ದನ್ ಎಲ್ಲಿ ನಿಂತಿದಾನೆ, ಎರಡೂ ಕಾಣತ್ತೆ ನನಗೆ."

ಅವರನ್ನು ಮನೆ ಮುಟ್ಟಿಸಿ ಬರುವಾಗ ಮುಟುಪ್‌ನ ಗೇಟಿನ ಮುಂದೆ ಹಾಯಬೇಕಾಯಿತು. ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ, ಹಿಮ ನೀಲಿಗಟ್ಟಿತ್ತು. ಮೇಮೆ ಬದುಕಿದ್ದಾಗ ಎಡಕ್ಕೆ ವಾಲಿಕೊಂಡೇ ನಿಲ್ಲುತ್ತಿದ್ದರು ಎಂಬುದು ಆಗ ನೆನಪಾಯಿತು. ಅದು ಮರ ಎಂದು ಸ್ಪಷ್ಟವಾಗಿ ಗೊತ್ತಿದ್ದೂ ನಾನು ಟೋಪಿ ತೆಗೆದು ಜುಲೇ ಅಂದೆ. ಖಾಲಿ ತೋಳು ಒಮ್ಮೆ ಎದ್ದು ಬಿತ್ತು.

ಇಲ್ಲಿಗೇ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ಸರ್ಕಾರ ನಡುವೆ ಬಂತು. ಸತ್ತವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯುವುದಕ್ಕೆ ಬಂದ ನೌಕರ ಹೊಸಬ, ಕನ್ನಡಕದ ಮೇಲೆಲ್ಲ ಮಂಜು. ಹಿಮ ಉದುರುತ್ತಿತ್ತು, ಗೇಟಿನಲ್ಲೇ ನಿಂತ. ಮುಟುಪ್ ಕೆಟಲ್ ಹಿಡಿದು ಮರದ ಹತ್ತಿರ ಇದ್ದ. ನಾನು ಗೋಡೆಯ ಈಚೆಯಿಂದ ಕಿವಿಯಾರೆ ಕೇಳಿದ್ದು ಇದು.

"ಇದು ಗಲ್ದನ್ ಅವರಾ?" ಎಂದು ಅವನು ಗದ್ದದಿಂದ ತೋರಿಸಿದ.

ಮುಟುಪ್, ಗೊಂಚಾದ ವಿಚಾರ ಎಂದುಕೊಂಡು, "ಹೌದು, ಗಲ್ದನ್ ಅವರದ್ದೇ," ಎಂದ.

"ಹೇಗಿದ್ದಾರೆ?"

"ಒಳಗೆಲ್ಲ ಟೊಳ್ಳು. ಮೈ ಬಿರುಕು ಬಿಡದಿರಲಿ ಅಂತ ಸುತ್ತಿ ನಿಲ್ಲಿಸಿದೀನಿ. ಕಾಲಿಗೆ ಗೊಬ್ಬರ ಹಾಕಿದೀನಿ. ಮಧ್ಯಾಹ್ನ ಬೆಚ್ಚಗಿನ ನೀರು ಕೊಡ್ತೀನಿ. ವಸಂತಕ್ಕೆ ಚಿಗುರಬಹುದು ಅಂತ ಆಸೆ."

ಆ ನೌಕರ, ಈ ಕಾಲದಲ್ಲೂ ಹಿರಿಯರನ್ನು ಹೀಗೆ ನೋಡಿಕೊಳ್ಳುವ ಮಕ್ಕಳಿದ್ದಾರಲ್ಲ ಎಂದು ಮುಟುಪ್‌ನ ಗೇಟಿಗೆ ಕರೆದು ಬೆನ್ನು ತಟ್ಟಿ, ಅಲ್ಲಿಂದಲೇ ಮರಕ್ಕೆ ಬಗ್ಗಿ ಜುಲೇ ಹೇಳಿ, ಹೆಸರನ್ನು ಹಾಗೆಯೇ ಬಿಟ್ಟು ಹೋದ. ಸಂಜೆಗೆ ಸುದ್ದಿ ಓಣಿಯ ಕೊನೆಯ ಮನೆ ಮುಟ್ಟಿತ್ತು. ಮೇಮೆ ಗಲ್ದನ್ ಬದುಕಿದ್ದಾರೆ ಎಂದು ಸರ್ಕಾರವೇ ಒಪ್ಪಿಕೊಂಡಿದೆ.

ನಾವು ಹೊತ್ತು ಸುಟ್ಟು ಬಂದ ಮನುಷ್ಯ ಬದುಕಿದ್ದಾನೆ ಎಂದಾದರೆ ಅದಕ್ಕಿರುವ ಹೆಸರು ಒಂದೇ, ರೋಲಂಗ್. ಎದ್ದು ನಿಂತ ಹೆಣ. ಅದಕ್ಕೆ ಮಾತು ಬಾರದು, ಸೊಂಟ ಬಗ್ಗದು, ಯಾರ ತಲೆ ಮುಟ್ಟುತ್ತದೋ ಅವರೂ ರೋಲಂಗ್ ಆಗುತ್ತಾರೆ. ಬಗ್ಗಿ ಒಳಗೆ ಬರಲಾಗದಿರಲಿ ಎಂದೇ ಹಿಂದಿನವರು ಬಾಗಿಲುಗಳನ್ನು ತಗ್ಗಾಗಿ ಕಟ್ಟಿದ್ದು. ನಾವು ಮಾತ್ರ ಪೇಟೆಯ ಶೋಕಿ ನೋಡಿ ಆನೆ ನುಗ್ಗುವಷ್ಟು ಎತ್ತರ ಮಾಡಿಕೊಂಡಿದ್ದೆವು. ಬಡಗಿಗಳ ಮಾತು ಆಗಲೇ ಹೇಳಿದೆನಲ್ಲ.

ಓಣಿಯ ಮುಖಂಡ ಗೋಬಾ-ಲೇ ಓದಿದವರು. ಇದೆಲ್ಲ ಮೂಢನಂಬಿಕೆ ಎಂದು ಹೇಳಿ, ಎಲ್ಲರ ಎದುರಿಗೆ ಹೋಗಿ ಮರದ ಮುಂದೆ ನಿಂತು, ಇಲ್ಲಿ ನೋಡಿ ಎಂದು ನಮ್ಮ ಕಡೆ ತಿರುಗಿದರು. ಗಾಳಿ ಬೀಸಿತು. ಗೊಂಚಾದ ಉದ್ದ ತೋಳು ಎದ್ದು ಅವರ ನೆತ್ತಿಯ ಮೇಲೆ ಬಂದು ಕೂತಿತು, ಆಶೀರ್ವಾದ ಮಾಡುವವರ ಹಾಗೆ ಒಂದು ಗಳಿಗೆ ಹಾಗೇ ಇತ್ತು. ಗೋಬಾ-ಲೇ ನಡೆದುಕೊಂಡೇ ಮನೆಗೆ ಹೋದರು, ಆದರೆ ಕುತ್ತಿಗೆ ತಿರುಗಿಸಲಿಲ್ಲ. ಮರುದಿನದಿಂದ ಅವರ ಹೆಂಡತಿ ಬೆಳಿಗ್ಗೆ ಚಹಾ ಕೊಡುವ ಮುಂಚೆ ಗಂಡನಿಗೆ ನೆಲದ ಮೇಲಿನ ಚಮಚ ಎತ್ತಿಕೊಡಿ ಎನ್ನುತ್ತಿದ್ದರಂತೆ. ಗೋಬಾ-ಲೇಗೆ ಮೊದಲೇ ಸೊಂಟನೋವು. ಅವರು ಬಗ್ಗಲು ತಡ ಮಾಡಿದಷ್ಟೂ ಆ ತಾಯಿ ಬಾಗಿಲ ಕಡೆ ಸರಿಯುತ್ತಿದ್ದರು.

ನಗುತ್ತಿದ್ದೆವು, ಇಲ್ಲವೆನ್ನುವುದಿಲ್ಲ. ಆದರೆ ಗೊಂಚಾದ ಎದೆಯ ಭಾಗ ಒಂದು ಬೆಳಿಗ್ಗೆ ಗೇಟಿನ ಕಡೆ ಇದ್ದರೆ ಇನ್ನೊಂದು ಬೆಳಿಗ್ಗೆ ನನ್ನ ಮನೆಯ ಕಡೆ ಇರುತ್ತಿತ್ತು. ಗಾಳಿ ತಿರುಗಿಸುತ್ತೆ ಆಚೊ-ಲೇ, ಅಣ್ಣಾ, ಎನ್ನುತ್ತಿದ್ದ ಮುಟುಪ್. ತೋಳು ಏರಿಸಿ ಪಟ್ಟಿ ಬಿಗಿದ ಬಟ್ಟೆಯನ್ನು ಯಾವ ಗಾಳಿ ತಿರುಗಿಸುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅವನ ಬಳಿ ಬೇರೆ ಉತ್ತರ ಇಲ್ಲದೆ ಹೋದೀತು ಎಂಬ ಭಯ. ನಾಯಿಗಳು ಆ ಅಂಗಳಕ್ಕೆ ಬರುವುದನ್ನು ಬಿಟ್ಟವು. ಹಿಮದ ಮೇಲೆ ಮುಟುಪ್‌ನ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ, ಮರದ ಸುತ್ತ ಮಾತ್ರ ಹಿಮ ಕೂರುತ್ತಲೇ ಇರಲಿಲ್ಲ. ಗೊಬ್ಬರದ ಕಾವು ಎಂದು ಅವನ ವಿವರಣೆ. ಇರಬಹುದು.

ಕೊನೆಗೆ ಮುಟುಪ್‌ನ ಮನೆಯಲ್ಲೇ ಫಸ್ಪುನ್ ಸೇರಿತು. ಜಾತಕ ನೋಡುವ ಓನ್ಪೊ ಅವರನ್ನು ಕರೆಸಿದೆವು. ಬಟ್ಟೆ ಸಿಗದೆ ಬಂದ ಮೇಮೆ ಬಟ್ಟೆಯಿದ್ದ ಕಡೆ ನಿಂತಿದ್ದಾರೆ, ಮರ ಟೊಳ್ಳಾದ್ದರಿಂದ ಒಳಗೆ ಸೇರಿಕೊಂಡಿದ್ದಾರೆ, ಗೊಂಚಾ ತೆಗೆದರಷ್ಟೇ ಸಾಲದು, ಮರವನ್ನೂ ಕಡಿದು ಸುಡಬೇಕು ಎಂದರು ಓನ್ಪೊ. ಮಾಮೂಲಿ ರೋಲಂಗ್ ಆದರೆ ಎತ್ತಲಾದರೂ ನಡೆದು ಹೋದೀತು, ಇದಕ್ಕೆ ಬೇರು ಬೇರೆ ಇದೆ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಮರ ಬಿದ್ದರೆ ಕೊಂಬೆ ನನಗೆ ಎಂಬುದು ಮನಸ್ಸಿನಲ್ಲಿ ಇರಲಿಲ್ಲ ಎಂದು ಹೇಳಲಾರೆ.

ಮುಟುಪ್ ಬುಖಾರಿಯ ಪಕ್ಕ ಕೂತು ಕೇಳಿಸಿಕೊಂಡ. ಗೊಂಚಾ ಇವತ್ತೇ ಕೊಡ್ತೀನಿ, ಮರ ಬಿಡಿ, ಎಂದ. ಆಗುವುದಿಲ್ಲ ಎಂದರು. ಇನ್ನು ಸ್ವಲ್ಪ ದಿನ ನೀರುಣಿಸಿದರೆ ಚಳಿಗಾಲ ದಾಟಿಬಿಡುತ್ತೆ ಎಂದು ಬೇಡಿಕೊಂಡ.

ಗೋಬಾ-ಲೇ ಕುತ್ತಿಗೆ ತಿರುಗಿಸದೆ ಹೇಳಿದರು: "ಮುಟುಪ್, ಮರ ಬೇಕು ಅಂದ್ರೆ ಇಟ್ಕೊ. ನಾವು ಈ ಮನೆಗೆ ಬರಲ್ಲ. ನಾಳೆ ನೀನು ಸತ್ರೆ ಆ ಮರವೇ ಹೊರಲಿ ನಿನ್ನ."

ಕುನ್‌ಜ಼ೆಸ್ ಚಹಾ ತಂದವಳು ಬಾಗಿಲಲ್ಲೇ ನಿಂತಳು. ಮುಟುಪ್ ತಲೆ ತಗ್ಗಿಸಿ, ಸರಿ, ಎಂದ.

ಓನ್ಪೊ ಹೇಳಿದ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ, ಫಸ್ಪುನ್‌ನ ಗಂಡಸರೆಲ್ಲ ಕೊಡಲಿ ಹಗ್ಗ ಹಿಡಿದು ಆ ಅಂಗಳದಲ್ಲಿ ನಿಂತೆವು. ಅಬಿ ಪಲ್ಮೊ ಯಾರೂ ಕರೆಯದಿದ್ದರೂ ಬಂದು ಗೋಡೆಗೆ ಒರಗಿ ಕೂತಿದ್ದರು. ಓನ್ಪೊ ನಡುಪಟ್ಟಿ ಬಿಚ್ಚಿ, ಒಂದೊಂದೇ ತೋಳು ಕಳಚಿ, ಗೊಂಚಾ ಮಡಚಿ ಪಕ್ಕಕ್ಕಿಟ್ಟರು. ಒಳಗೆ ಬೇರೇನೂ ಇರಲಿಲ್ಲ. ತೊಗಟೆ ಎಲ್ಲೂ ಸೀಳಿರಲಿಲ್ಲ. ಬಟ್ಟೆ ಕಳೆದುಕೊಂಡ ಮುದುಕರನ್ನು ನೋಡಿದ ಹಾಗಾಗಿ ಕೆಲವರು ಮುಖ ಆಚೆ ತಿರುಗಿಸಿದರು.

ಹಳೆಯ ಮರಕ್ಕೆ ಕೊಡಲಿ ಹಾಕುವ ಮುಂಚೆ ಅದರಲ್ಲಿ ಇರುವವರನ್ನು ಕೇಳಬೇಕು, ಎದ್ದು ಹೋಗಲು ಹೇಳಬೇಕು. ಓನ್ಪೊ ಧೂಪ ಹಚ್ಚಿ ಗಂಟೆ ಬಾರಿಸಿದರು. ಗಾಳಿಯೇ ಇರಲಿಲ್ಲ, ಹೊಗೆ ನೇರವಾಗಿ ಮೇಲಕ್ಕೆ ಹೋಯಿತು.

"ಯಾರಿದ್ದೀರಿ? ನಿಮಗೇನು ಬೇಕು?"

ನಾವು ಪದ್ಧತಿಯಂತೆ ಒಂದಿಷ್ಟು ಹೊತ್ತು ಸುಮ್ಮನಿದ್ದೆವು. ಗೋಬಾ-ಲೇ ಕೊಡಲಿ ಎತ್ತಿಕೊಂಡರು.

"ಛೂ," ಎಂದಿತು ಮರ.

ಟೊಳ್ಳು ಬುಡದೊಳಗಿಂದ, ಗಂಟಲೊಣಗಿದವರ ದನಿಯಲ್ಲಿ, ಉದ್ದವಾಗಿ, ಒಂದೇ ಸಲ. ನಮ್ಮ ಮಾತಿನಲ್ಲಿ ನೀರಿಗೆ ಛೂ ಎನ್ನುತ್ತಾರೆ. ಗಾಳಿ ಟೊಳ್ಳು ಮರದೊಳಗೆ ಹೊಕ್ಕರೂ ಛೂ ಎಂದೇ ಕೇಳುತ್ತದೆ ಎಂದು ಆಮೇಲೆ ಗೋಬಾ-ಲೇ ಎಷ್ಟೋ ಸಲ ಹೇಳಿದರು. ಆಗ ಮಾತ್ರ ಅವರು ಕೊಡಲಿಯನ್ನು ತಮ್ಮ ಕಾಲ ಮೇಲೇ ಬಿಟ್ಟುಕೊಂಡು, ಯಾವ ಸೊಂಟನೋವೂ ಇಲ್ಲದೆ ಬಗ್ಗಿ ಕಾಲು ಹಿಡಿದುಕೊಂಡಿದ್ದರು.

"ನನಗಂತೂ ಕೇಳಿಸ್ತು," ಎಂದರು ಅಬಿ ಪಲ್ಮೊ, ಗೋಡೆಯ ಪಕ್ಕದಿಂದ. "ಇಷ್ಟು ದಿನಕ್ಕೆ ಬಾಯಿ ಬಿಟ್ಟ."

ಓನ್ಪೊ ಬೆವರೊರೆಸಿಕೊಂಡರು. ರೋಲಂಗ್‌ಗೆ ಮಾತು ಬಾರದು, ಮಾತಾಡಿತು ಅಂದರೆ ಇದು ರೋಲಂಗ್ ಅಲ್ಲ, ಶಾಸ್ತ್ರದಲ್ಲಿ ಕಡಿಯಲು ಆಧಾರವಿಲ್ಲ ಎಂದು ಗಡಿಬಿಡಿಯಲ್ಲಿ ಹೇಳಿ ಗಂಟೆ ಚೀಲಕ್ಕೆ ಹಾಕಿಕೊಂಡರು. ಹಾಗಾದರೆ ಇದೇನು ಎಂದು ಯಾರೋ ಕೇಳಿದರು. ಅದು ತಮಗೆ ಗೊತ್ತಿಲ್ಲ ಎಂದರು ಓನ್ಪೊ. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮುಟುಪ್ ಇದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಮರದ ಕಡೆ ನೋಡುತ್ತ, ನಮಗೆ ಹೇಳುತ್ತಿದ್ದಾನೋ ತನಗೇ ಹೇಳಿಕೊಳ್ಳುತ್ತಿದ್ದಾನೋ ಎಂಬ ಹಾಗೆ ಮಾತಾಡಿದ.

"ಕಡೇ ದಿನವೂ ಆಬಾ ಇದನ್ನೇ ಕೇಳಿದ್ದು. ನಲ್ಲಿ ಕಟ್ಟಿಹೋಗಿತ್ತು, ಮನೇಲಿ ಒಂದು ತೊಟ್ಟು ಇರಲಿಲ್ಲ. ಚಹಾ ಇದೆ ಕೊಡ್ಲಾ ಅಂದೆ. ಬೇಡ, ಛೂ ಅಂದ್ರು. ಕಾಲುವೆಗೆ ಹೋಗಿ ಮಂಜುಗಡ್ಡೆ ಒಡೆದು ತಂದು ಬುಖಾರಿ ಮೇಲಿಟ್ಟೆ. ಕರಗೋದನ್ನೇ ನೋಡ್ತಾ ಕೂತಿದ್ದೆ. ಕರಗಿತು. ತಿರುಗಿ ನೋಡಿದ್ರೆ ಆಬಾ ಇರಲಿಲ್ಲ."

ಇಷ್ಟು ಹೇಳಿ, ಹೊತ್ತಾಯಿತು ಎಂದು ಗೊಣಗಿ, ಒಳಗೆ ಹೋಗಿ ಕೆಟಲ್ ತಂದ. ನಮ್ಮ ನಡುವೆ ದಾರಿ ಮಾಡಿಕೊಂಡು ಹೋಗಿ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಸುರಿಯತೊಡಗಿದ. ಈ ಮನುಷ್ಯನನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೆ, ನಕ್ಕಿದ್ದೇ ಹೆಚ್ಚು. ಆಗ ನನಗೆ ಅಳು ಬಂತು. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡೆ.

ಅವನ ಕೆಟಲ್ ಬೇಗ ಖಾಲಿಯಾಯಿತು. ಕೊಡಲಿ ಹಗ್ಗ ಅಲ್ಲೇ ಬಿಟ್ಟು ಒಬ್ಬೊಬ್ಬರೇ ಮನೆಗೆ ಹೋದರು, ಒಬ್ಬೊಬ್ಬರೇ ಕೆಟಲ್ ಹಿಡಿದು ವಾಪಸು ಬಂದರು. ಗೋಬಾ-ಲೇ ಕುಂಟುತ್ತ ಬಂದರು. ಟ್ಯಾಂಕರ್ ಬರುವುದು ಇನ್ನು ಯಾವಾಗಲೋ, ಯಾರೂ ಆ ಮಾತೆತ್ತಲಿಲ್ಲ. ನನ್ನ ಸರದಿ ಬಂದಾಗ ಮುಟುಪ್‌ನ ಪಕ್ಕದಲ್ಲಿ ಕೂತು ನಾನೂ ಸುರಿದೆ. ಹೆಪ್ಪುಗಟ್ಟಿದ ನೆಲ, ನೀರು ಹರಿದು ಅಂಗಳ ತುಂಬಬೇಕಾಗಿತ್ತು. ಒಂದು ಹನಿ ಹರಿಯಲಿಲ್ಲ. ಹೊಯ್ದದ್ದು ಹೊಯ್ದಂತೆ ಒಳಗೆ ಇಳಿಯುತ್ತಿತ್ತು, ಕೆಳಗೆಲ್ಲೋ ಗುಟುಕು ಗುಟುಕಾಗಿ ಸದ್ದು ಬರುತ್ತಿತ್ತು.

"ಮೆಲ್ಲಗೆ," ಎಂದ ಮುಟುಪ್.

ನಾನು ಕೈ ನಿಧಾನ ಮಾಡಿದೆ. ಆಮೇಲೆ ನೋಡಿದರೆ ಅವನು ನನ್ನ ಕಡೆ ನೋಡುತ್ತಿರಲಿಲ್ಲ; ಮರದ ಟೊಳ್ಳಿನ ಕಡೆ ಬಗ್ಗಿದ್ದ.